ಮಸ್ಕಿ ಟಾಕೀಸಿನ ಕಡೇ ರೀಲು

ಹಿಂದಿ ಅರೆಬರೆ ತಿಳಿದರೂ ಹಿಂದಿ ಪಿಚ್ಚರ್ ಅಂದರೆ ಪ್ರಾಣ ಬಿಡುವ ಊರಿನಲ್ಲಿ ಟಾಕೀಸು ನಡೆಸುವವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಎಂಬತ್ತರ ದಶಕದಲ್ಲಿ ನಾನು ಮಸ್ಕಿಯ ಒಂದು ತಗಡಿನ ಟಾಕೀಸಿಗೆ ಮ್ಯಾನೇಜರ್. ಸಿಂಧನೂರಿಗೂ ನಮಗೂ ಸೇರಿ ಒಂದೇ ಪ್ರಿಂಟು. ಅಲ್ಲಿ ಓಡಿ ಮುಗಿದ ರೀಲುಗಳು ಬಸ್ಸಿನಲ್ಲಿ ನಮಗೆ ಬರಬೇಕು. ನಾವು ಅರ್ಧ ತೋರಿಸುವಾಗ ಉಳಿದರ್ಧ ಇನ್ನೂ ದಾರಿಯಲ್ಲೇ! ಒಮ್ಮೆ ರೀಲು ತಡವಾಗಿ ಜನ ಪರದೆಯನ್ನೇ ಹರಿದಿದ್ದರು. ಲಿಂಗಸುಗೂರಿನ ಮಾಲೀಕರು ಖಡಕ್ಕಾಗಿ ಹೇಳಿಬಿಟ್ಟರು: "ಇನ್ನೊಮ್ಮೆ ಪರದೆ ಹರೀತಂದ್ರ ಟಾಕೀಸಿಗೆ ಕೀಲಿ, ನಿನಗ ಮನಿ ದಾರಿ."

ಅಂದಿನಿಂದ ನನಗೆ ಉಂಡದ್ದು ಮೈಗೆ ಹತ್ತಲಿಲ್ಲ.

ಸತ್ತವ ಬಂದ

ಒಂದು ದಿನ ಆಪರೇಟರ್ ರೀಲು ಹಿಂದುಮುಂದು ಹಾಕಿಬಿಟ್ಟ. ಗುಂಡೇಟು ತಿಂದು ಸತ್ತ ಖಳನಾಯಕ ಮುಂದಿನ ರೀಲಿನಲ್ಲಿ ಕುದುರೆ ಹತ್ತಿ ಬಂದ. ಇನ್ನೇನು ಕಲ್ಲು ಬಿತ್ತೆಂದು ನಾನು ಬಾಗಿಲ ಹಿಂದೆ ಅವಿತೆ. ಮುಂದೆ ಕೂತಿದ್ದ ಗುರುಗುಂಟಾದ ಒಬ್ಬ ರೈತನನ್ನು ಅವನ ಹೆಂಡತಿ ಕೇಳಿದಳು, "ಅಲ್ರೀ, ಇವ ಸತ್ತಿದ್ನಲ್ಲ?"

"ಸತ್ತವ ಅಣ್ಣ, ಇವ ತಮ್ಮ. ಹಿಂದಿ ಪಿಚ್ಚರ್‌ನ್ಯಾಗ ಎಲ್ಲಾರಿಗೂ ಒಬ್ಬ ಅವಳಿ ತಮ್ಮ ಇರ್ತಾನ. ಸುಮ್ನ ನೋಡು."

ಸುತ್ತಲಿನವರೂ ಹೌದೆಂದು ತಲೆಯಾಡಿಸಿದರು. ಆಮೇಲೆ ನಾನು ಬೈದರೆ ಆಪರೇಟರ್ ನನಗೇ ಕೇಳಿದ, "ತಮ್ಮನ್ನ ತೋರ್ಸಿದ್ರಾಗ ನನ್ನ ತಪ್ಪೇನೈತ್ರಿ?"

ಒಂದೇ ಕುರ್ಚಿ

ಸಂತೆಗೆ ಬಂದಿದ್ದ ವಳಕಮದಿನ್ನಿಯ ರೈತನಿಗೂ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಳಿ ರೈತನಿಗೂ ಒಂದು ಕುರ್ಚಿಗಾಗಿ ಜಗಳ ಹತ್ತಿತು. ಇವನಿಗೆ ಬಂಗಾಳಿ ಬಾರದು, ಅವನಿಗೆ ಕನ್ನಡ ಅಷ್ಟಕ್ಕಷ್ಟೇ. ಬೈಗುಳವೆಲ್ಲ ಪಿಚ್ಚರಿನ ಹಿಂದಿಯಲ್ಲಿ! ಒಬ್ಬ ತಾಯಿಯ ಮೇಲೆ ಕಸಮ್ ಹಾಕಿದ, ಇನ್ನೊಬ್ಬ ತೋಳು ಮಡಚಿ ಖೂನ್ ಅಂದ. ಇನ್ನು ಪರದೆ ಉಳಿಯದು ಅನಿಸಿತು. ನಡುವೆ ನುಗ್ಗಿ "ಭಾಯಿ, ಭಾಯಿ" ಎಂದು ಕೈಮುಗಿದೆ.

ಆ ಮಾತು ಕಿವಿಗೆ ಬಿದ್ದದ್ದೇ ತಡ, ಇಬ್ಬರೂ ಪಿಚ್ಚರಿನಲ್ಲಿ ಅಗಲಿ ಕೂಡಿದ ಅಣ್ಣತಮ್ಮಂದಿರಂತೆ ತಬ್ಬಿಕೊಂಡು ಅತ್ತರು. ಅತ್ತು ಮುಗಿಯುವಷ್ಟರಲ್ಲಿ ಕುರ್ಚಿಯಲ್ಲಿ ಮೂರನೆಯವ ಕೂತಿದ್ದ.

ಅವ್ವನ ಜೀವ

ಮತ್ತೊಂದು ದಿನ ಮಾಲೀಕರೇ ಬಂದು ಹಿಂದೆ ಕೂತಿದ್ದರು. ಪಿಚ್ಚರಿನಲ್ಲಿ ನಾಯಕನ ತಾಯಿ ಗುಂಡೇಟು ತಿಂದು ಮಗನ ತೊಡೆಯ ಮೇಲೆ ಒರಗಿದಳು. ಅಷ್ಟಕ್ಕೆ ರೀಲು ಮುಗಿಯಿತು. ಕಡೇ ರೀಲು ತರುವ ಬಸ್ಸು ಬಂದೇ ಇರಲಿಲ್ಲ. ಕುರ್ಚಿಗಳು ಸದ್ದು ಮಾಡತೊಡಗಿದವು, ನಾಲ್ಕು ಜನ ಪರದೆಯತ್ತ ಹೊರಟರು. ನನ್ನ ನೌಕರಿ ಹೋಯಿತೆಂದೇ ತಿಳಿದೆ.

ಆಗ ಒಬ್ಬ ಕುರಿ ಕಾಯುವವ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಎದ್ದ. "ತಡೀರಿ! ನಾ ನಿನ್ನಿ ಸಿಂಧನೂರಾಗ ನೋಡೀನಿ, ಮುಂದಿಂದು ಹೇಳ್ತೀನಿ."

ಪರದೆಯ ಮುಂದೆ ನಿಂತು ಕನ್ನಡದಲ್ಲೇ ಕಥೆ ಹೇಳಿದ. ಹೊಡೆದಾಟವನ್ನು ಒಬ್ಬನೇ ಆಡಿ ತೋರಿಸಿದ. ಕೊನೆಗೆ, "ಅವ್ವ ಕಣ್ಣು ತೆರದ್ಳು. ನೀರು ಕೇಳಿದ್ಳು. ಸೊಸಿ ಕೈಲಿ ರೊಟ್ಟಿನೂ ಉಂಡ್ಳು!" ಅಂದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು, ಗಂಡಸರು ಶಿಳ್ಳೆ ಹೊಡೆದರು.

ಅಷ್ಟರಲ್ಲಿ ಬಸ್ಸು ಬಂತು. ನಾನು ಡಬ್ಬಿ ಹಿಡಿದು ಓಡಿ ಬಂದು, "ಕುಂದರ್ರಿ, ರೀಲು ಬಂತು" ಎಂದೆ. ಜನರೆಲ್ಲ ಒಟ್ಟಿಗೆ ಕೇಳಿದರು, "ಅದರಾಗ ಅವ್ವ ಬದಕ್ಯಾಳೇನು?"

ನಾನು ಕುರಿಯವನ ಮುಖ ನೋಡಿದೆ. ಅವನು ನೆಲ ನೋಡಿದ. ಅದರಲ್ಲೇ ಉತ್ತರ ತಿಳಿದು ನಿಜ ಹೇಳಿದೆ, "ಇಲ್ರಿ, ಸಾಯ್ತಾಳ."

"ಹಂಗಾರ ವಾಪಸ್ ಬಸ್ಸಿಗೆ ಹಾಕ್ರಿ!" ಎಂದು ಎಲ್ಲರೂ ಮನೆಗೆ ನಡೆದರು.

ಪರದೆ ಹಾಗೇ ಇತ್ತು. ಮಾಲೀಕರು ನನ್ನ ಕಡೆಗೇ ಬಂದರು. ಕೀಲಿಯ ಮಾತು ಬರುತ್ತದೆಂದು ನಾನು ಕಣ್ಣು ಮುಚ್ಚಿದೆ. ಅವರು ಮೂಗೊರೆಸಿಕೊಂಡು ಅಂದರು, "ನಾಳಿ ಆ ಕುರಿಯವನ್ನ ಸಿಂಧನೂರಿಗೂ ಕಳಸಪಾ. ಪಾಪ, ಅಲ್ಲಿ ಅವ್ವ ದಿನಾ ಸಾಯಾಕತ್ಯಾಳ."