ಹಗ್ಗದಾಚೆಯ ಕೋಡುಬಳೆ

ಸಂಜೆಗೆ ನಾಟಕ ಇಟ್ಟುಕೊಂಡು ಬೆಳಿಗ್ಗೆ ರಶೀದಾ ಫೋನಿನಲ್ಲಿ, "ನಾ ಪಾರ್ಟ್ ಮಾಡಲ್ಲ ರೀ ಮೇಷ್ಟ್ರೆ" ಎಂದಾಗ, ಸಿದ್ಧಲಿಂಗೇಶ್ ಮೇಷ್ಟ್ರ ಬಾಯಲ್ಲಿದ್ದ ಇಡ್ಲಿ ಒಳಗೂ ಹೋಗದೆ ಹೊರಗೂ ಬರದೆ ನಿಂತಿತು.

ನಾಟಕ ಅವರೇ ಬರೆದದ್ದು. ಬಿಳಿಯರೂ ಕರಿಯರೂ ಒಂದೇ ಬೆಂಚಿನಲ್ಲಿ ಕೂರಬಾರದೆಂದು ಕಾನೂನಿದ್ದ ದೂರದೇಶದಲ್ಲಿ ಇಬ್ಬರು ಲೇಖಕಿಯರು ಗೆಳತಿಯರಾದ ಕತೆ. ಮುಖಕ್ಕೆ ಬಣ್ಣ ಬಳಿಯುವ ಅಧ್ವಾನ ಬೇಡವೆಂದು ಶಿಕಾರಿಪುರದ ಟೀಚರ್ ಸುಮಾಗೆ ಬಿಳಿ ಶಾಲು, ಸೊರಬದ ಟೈಲರ್ ರಶೀದಾಗೆ ಕಪ್ಪು ಶಾಲು. ನಡುವೆ ಕಾನೂನಿನ ಗುರುತಾಗಿ ಒಂದು ಹಗ್ಗ. ಅದನ್ನು ದಾಟುವುದು ಕೊನೆಯ ದೃಶ್ಯದಲ್ಲಿ ಮಾತ್ರ.

ಸೊರಬದಲ್ಲಿ ವರ್ಷಾ ವರ್ಷಾ ಹೆಡ್‌ಮಾಸ್ಟರ್ ಚಂದ್ರಶೇಖರ್ ದುರ್ಯೋಧನನಾಗಿ ಅಬ್ಬರಿಸುವುದು ವಾಡಿಕೆ. ಈ ಸಲ ಹೇಗೋ ಅವರನ್ನು ಒಪ್ಪಿಸಿ ಕೆಳಗೆ ಕೂರಿಸಲಾಗಿತ್ತು. "ನಿಮ್ಮ ನಾಟಕ ಬಿದ್ರೆ ಮುಂದಿನ ವರ್ಷ ಗದೆ ಮತ್ತೆ ನಂದೇ. ನೀವು ಹಿಂದೆ ನಿಂತು ಚಾಮರ ಬೀಸ್ಬೇಕು" ಎಂದಿದ್ದರು.

ಮೇಷ್ಟ್ರು ಸುಮಾಗೆ ಫೋನ್ ಮಾಡಿದರು. "ಅವಳೇ ಮಾತು ಬಿಟ್ಟಾಳ್ರೀ. ನಾನ್ಯಾಕೆ ಮೇಲೆ ಬಿದ್ದು ಮಾತಾಡ್ಲಿ?" ಎಂದಳು. ಮೇಷ್ಟ್ರು ಶಿಕಾರಿಪುರದಿಂದ ಸಿಕ್ಕ ಮೊದಲ ಬಸ್ ಹಿಡಿದು ಸೊರಬಕ್ಕೆ ಓಡಿದರೆ, ರಶೀದಾ ಹೊಲಿಗೆ ಯಂತ್ರದಿಂದ ತಲೆಯನ್ನೇ ಎತ್ತಲಿಲ್ಲ. ಪಕ್ಕದಂಗಡಿಯ ಲೋಕಮ್ಮನಿಗೆ ತಡೆಯಲಾಗಲಿಲ್ಲ. ಊರ ಉಸಾಬರಿಯೆಲ್ಲ ಅವಳದೇ.

"ನಾ ಹೇಳ್ತೀನಿ ಮೇಷ್ಟ್ರೆ. ಹಬ್ಬಕ್ಕೆ ಇವಳು ಸುಮಾಗೆ ಡಬ್ಬಿ ತುಂಬ ಶಾವಿಗೆ ಪಾಯಸ ಕಳಿಸಿದ್ಲು. ವಾಪಸ್ ಬಂದಿದ್ದು ಬರೀ ಡಬ್ಬಿ! ಒಂದು ಚಿಟಿಕೆ ಸಕ್ಕರೆನೂ ಇಲ್ಲ!"

"ನಮ್ಮಲ್ಲೂ ಯಾರೂ ಬರೀ ಡಬ್ಬಿ ವಾಪಸ್ ಕೊಡಲ್ಲ," ಎಂದಳು ರಶೀದಾ. ಅವಳ ಕಣ್ಣು ತುಂಬಿತ್ತು.

ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದರು. ಆ ಡಬ್ಬಿ ತಂದುಕೊಟ್ಟವರು ಅವರೇ. ಅದರ ತುಂಬ ಸುಮಾ ಮಾಡಿದ ಕೋಡುಬಳೆಯಿತ್ತು. ಅಂಬ್ಲಿಗೊಳದ ಹತ್ತಿರ ಬಸ್ ಕೆಟ್ಟು ನಿಂತಾಗ ಒಂದೇ ಒಂದು ರುಚಿ ನೋಡೋಣವೆಂದು ಶುರುಮಾಡಿದ್ದರು. ಬಸ್ ಹೊರಡುವ ಹೊತ್ತಿಗೆ ಡಬ್ಬಿಯ ತಳ ಕಂಡಿತ್ತು.

"ಅಯ್ಯೋ, ಅದಾ!" ಎಂದರು ಬೆವರೊರೆಸುತ್ತ. "ತಿಂಡಿನ ಇವತ್ತು ಸ್ಟೇಜ್ ಮೇಲೆ ತಾನೇ ಕೈಯಾರೆ ಕೊಡ್ತೀನಿ ಅಂದಿದ್ಲು ಸುಮಾ. ನಿಂಗೆ ಹೇಳೋದು ಮರೆತೆ ನೋಡು."

ರಶೀದಾ ಬೆಣ್ಣೆಯಂತೆ ಕರಗಿದಳು. ಮೇಷ್ಟ್ರು ಬೇಕರಿಯಿಂದ ಕೋಡುಬಳೆ ತಂದು ನಾಟಕದಲ್ಲಿ ಗೆಳತಿಗೆ ಕೊಡುವ ರೊಟ್ಟಿಯ ಡಬ್ಬಿಗೆ ತುಂಬಿದರು. ಸುಮಾಗೆ ಮಾತ್ರ, "ಅವಳಿಗೆ ತಲೆನೋವಿತ್ತಂತೆ" ಎಂದರು.

ಸಂಜೆ ರಂಗಮಂದಿರ ಕಿಕ್ಕಿರಿದಿತ್ತು. ಎರಡನೇ ದೃಶ್ಯದಲ್ಲಿ ಸುಮಾ ಹಗ್ಗದ ಮೇಲಿಂದ ಡಬ್ಬಿ ಚಾಚಿ, "ಗೆಳತಿ, ಈ ರೊಟ್ಟಿ ನಿನಗಾಗಿ" ಎಂದಳು. ರಶೀದಾ ಮುಚ್ಚಳ ತೆಗೆದಳು. ಸಂಭಾಷಣೆಯೆಲ್ಲ ಮರೆತುಹೋಯಿತು.

"ಸುಮಾ, ಕೋಡುಬಳೆ! ನಿನ್ನ ತಪ್ಪು ತಿಳ್ಕಂಡಿದ್ದೆ ಕಣೆ!"

ಸುಮಾ ಬಗ್ಗಿ ಒಂದನ್ನು ಕಚ್ಚಿ ನೋಡಿದಳು. "ಇದು ನಂದಲ್ಲ, ಬೇಕರೀದು! ನಾ ಎಳ್ಳು ಹಾಕಿ ಅವತ್ತೇ ಡಬ್ಬಿ ತುಂಬ ಕಳಿಸಿದ್ನಲ್ಲೇ?"

"ನಂಗೆ ಬಂದಿದ್ದು ಬರೀ ಡಬ್ಬಿ."

ಇಬ್ಬರೂ ಒಟ್ಟಿಗೇ ಪರದೆಯ ಪಕ್ಕಕ್ಕೆ ತಿರುಗಿದರು. ಅಲ್ಲಿ ಮೇಷ್ಟ್ರು ಹಸ್ತಪ್ರತಿಯಲ್ಲಿ ಮುಖ ಮುಚ್ಚಿಕೊಂಡು ಮೆಲ್ಲನೆ ಜಾರುತ್ತಿದ್ದರು. ಸುಮಾ ಹಗ್ಗ ಹಾರಿದಳು. ಇಬ್ಬರೂ ಒಂದೊಂದು ರೆಟ್ಟೆ ಹಿಡಿದು ಅವರನ್ನು ರಂಗದ ನಡುವಿಗೆ ಎಳೆತಂದರು.

"ನಮ್ಮಿಬ್ರ ಮಧ್ಯೆ ಬೇಲಿ ಹಾಕಿದ್ದು ಇವ್ರೇ!" ಎಂದು ಇಬ್ಬರೂ ಕೂಗುತ್ತಿದ್ದಂತೆ ಬಿಳಿ ಶಾಲು ಒಂದು ಕಡೆಯಿಂದ, ಕಪ್ಪು ಶಾಲು ಇನ್ನೊಂದು ಕಡೆಯಿಂದ ಮೇಷ್ಟ್ರ ಬೆನ್ನಿಗೆ ಬಿದ್ದವು.

ಇದೂ ನಾಟಕವೆಂದೇ ತಿಳಿದು ಸಭೆ ಎದ್ದು ನಿಂತಿತು. "ಬಿಡಬ್ಯಾಡ್ರಿ! ಕಾನೂನು ಮಾಡಿದ ಆ ಸರ್ಕಾರದೋನಿಗೆ ಇನ್ನೊಂದು ಹಾಕ್ರಿ!" ಎಂದು ಯಾರೋ ಕೂಗಿದರು. ಶಿಳ್ಳೆ, ಚಪ್ಪಾಳೆ ನಿಲ್ಲದೆ ಕೊನೆಗೆ ಪರದೆಯನ್ನೇ ಎಳೆಯಬೇಕಾಯಿತು.

ಹೆಡ್‌ಮಾಸ್ಟರ್ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದರು. "ದುರ್ಯೋಧನನ್ನ ಕೈಬಿಟ್ಟೆ ಕಣ್ರೀ. ಇನ್ಮೇಲೆ ವರ್ಷಾ ವರ್ಷಾ ಇದೇ ನಾಟಕ. ಆ ಸರ್ಕಾರದವನ ಪಾರ್ಟು ಮಾತ್ರ ನಿಮ್ದೇ. ಏಟು ಸ್ವಲ್ಪ ಜಾಸ್ತಿ ಇರ್ಲಿ."

ಗೆಳತಿಯರಿಬ್ಬರೂ ಒಂದೇ ಬೆಂಚಿನಲ್ಲಿ ಭುಜಕ್ಕೆ ಭುಜ ಒತ್ತಿ ಕುಳಿತು ಬೇಕರಿ ಕೋಡುಬಳೆ ಮುಗಿಸುತ್ತಿದ್ದರು. ನೋಡಿದರೆ ಯಾರಿಗಾದರೂ ಹೊಟ್ಟೆ ತಣ್ಣಗಾಗಬೇಕು. ಬೆಳಗಿನ ಇಡ್ಲಿ ಬಿಟ್ಟರೆ ಏನೂ ತಿಂದಿರದ ಮೇಷ್ಟ್ರು ಮೆಲ್ಲನೆ ಕೈ ಚಾಚಿದರು.

ರಶೀದಾ ಆ ಕೈಗೆ ಬರಿದಾದ ಡಬ್ಬಿಯನ್ನಿಟ್ಟಳು.

"ತಗೊಳ್ಳಿ ಮೇಷ್ಟ್ರೆ. ನಾಳೆ ತಂದುಕೊಡಿ. ಬರೀ ಡಬ್ಬಿ ವಾಪಸ್ ಕೊಡಬಾರ್ದು, ಗೊತ್ತಲ್ಲ?"