ಸೊಟ್ಟ ಹಲ್ಲಿನ ಗಾಣ

ಗಾಣ ಬಲು ಚೆನ್ನಾಗಿ ಬಂದುಬಿಟ್ಟಿತ್ತು. ತಾಪತ್ರಯ ಶುರುವಾಗಿದ್ದೇ ಅಲ್ಲಿಂದ. ಅದು ಕೆಟ್ಟದಾಗಿ ಬಂದಿದ್ದರೆ ಹೊಸಹೊಳಲಿನ ಸೋಮಯ್ಯಾಚಾರಿ ಅವತ್ತು ಬೆಳಿಗ್ಗೆ ಕಾಫಿ ಕುಡಿದು, ಅದನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ತೆಪ್ಪಗೆ ಕೆ.ಆರ್. ಪೇಟೆಗೆ ಹೋಗಿಬಿಡುತ್ತಿದ್ದ.

ಗಾಣ ಅಂದರೆ ಆಲೆಮನೆ ಗಾಣವಲ್ಲ, ಮೊಳದೆತ್ತರದ ಮಾದರಿ. ಹಲಸಿನ ಮರದ ಎರಡು ಉರುಳೆ, ಅವುಗಳ ನೆತ್ತಿಯ ಮೇಲೆ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲಿನ ಚಕ್ರ, ತಿರುವೋಕೆ ಒಂದು ಹಿಡಿ. ಹುಡುಕಿದರೂ ಒಂದು ಮೊಳೆ ಸಿಗುತ್ತಿರಲಿಲ್ಲ. ಕಬ್ಬಿನ ತುಂಡು ಕೊಟ್ಟು ತಿರುವಿದರೆ ಕೆಳಗಿನ ಲೋಟಕ್ಕೆ ಕಬ್ಬಿನ ಹಾಲು ಇಳಿಯೋದು. ಮಾಡಿದವಳು ಎಂಟನೇ ಕ್ಲಾಸಿನ ಅನುಶ್ರೀ, ಆಚಾರಿಯ ಮೊಮ್ಮಗಳು. ತಾತ ಹತ್ತಿರ ಕೂತು ಹೇಳಿಕೊಟ್ಟಿದ್ದ ಅಷ್ಟೇ. ಕೈ ಎಷ್ಟು ತುರಿಸಿದರೂ ಉಳಿ ಮುಟ್ಟಿರಲಿಲ್ಲ. ಕೊನೆಯ ಹಲ್ಲು ಕೂತ ಸಾಯಂಕಾಲ ಮಾತ್ರ ಅದರ ಮೇಲೆ ಬೆರಳಾಡಿಸಿ, ಈ ವಯಸ್ಸಲ್ಲಿ ನನಗೂ ಇಷ್ಟು ನೇರ್ಪಾಗಿ ಬರುತ್ತಿರಲಿಲ್ಲವಲ್ಲ ಅಂದುಕೊಂಡು, ಕಣ್ಣೀರು ಬಂತು ಅಂತ ಹಿತ್ತಿಲಿಗೆ ಎದ್ದು ಹೋಗಿದ್ದ.

ಈ ಗಾಣದ ಮೇಲೆ ಒಂದು ಪಂದ್ಯ ಬೇರೆ ಇತ್ತು. ಆಚಾರಿಯ ಮಗ ಶಿವಪ್ರಕಾಶ ಪೇಟೆಯಲ್ಲಿ ಪಿವಿಸಿ ಬಾಗಿಲು ಮಾರುತ್ತಾನೆ. ಅಪ್ಪನಿಗೆ ಕಣ್ಣು ಮಂಜಾಗಿದೆ, ಕೈ ನಡುಗುತ್ತೆ, ಇನ್ನು ಈ ಮರಗೆಲಸದ ಕೊಟ್ಟಿಗೆ ಯಾಕೆ, ಕಿತ್ತುಹಾಕಿ ಗೋಡೌನ್ ಮಾಡ್ತೀನಿ ಅಂತ ಅವನು ವರ್ಷದಿಂದ ರಾಗ ಎಳೆಯುತ್ತಿದ್ದ. ಪೇಟೆಯ ವಿಜ್ಞಾನ ಮೇಳದಲ್ಲಿ ಗಾಣ ಗೆದ್ದು ಮಂಡ್ಯದ ಜಿಲ್ಲಾ ಮೇಳಕ್ಕೆ ಹೋದರೆ ಕೊಟ್ಟಿಗೆ ನನಗೂ ತಾತನಿಗೂ ಬಿಡಬೇಕು ಅಂತ ಮಗಳು ಹಟ ಹಿಡಿದಳು. ಹೆಣ್ಣುಕೂಸು ಏನು ಮಾಡೀತು ಅಂತ ಶಿವಪ್ರಕಾಶ ನಗುತ್ತಲೇ ಒಪ್ಪಿದ. ಆಗ ಅವನು ಗಾಣ ನೋಡಿರಲಿಲ್ಲ.

ಮೇಳದ ದಿನ ಅನುಶ್ರೀ ಚಾರ್ಟು ಅಂಟಿಸೋಕೆ ಎಂಟಕ್ಕೇ ಸ್ಕೂಲಿನವರ ಜೊತೆ ಹೋದಳು. ಗಾಣ ಮಕ್ಕಳ ನೂಕುನುಗ್ಗಲಿನಲ್ಲಿ ಹಾಳಾದೀತು, ಹನ್ನೊಂದರೊಳಗೆ ನೀನೇ ತಗೊಂಡು ಬಾ ಅಂತ ತಾತನಿಗೆ ಹೇಳಿದ್ದಳು. ಆಚಾರಿ ಅದನ್ನು ಜಗುಲಿಯ ಮೇಲಿಟ್ಟುಕೊಂಡು ಒಂದು ಹನಿ ಎಣ್ಣೆ ಸವರುತ್ತಿದ್ದ. ಎದುರುಮನೆಯ ರಂಗಸ್ವಾಮಿ ಪೇಪರು ಕಂಕುಳಲ್ಲಿ ಇಟ್ಟುಕೊಂಡು ಬಂದ. ಬಸ್ ಕಂಡಕ್ಟರಾಗಿ ರಿಟೈರಾದ ಮೇಲೆ ಊರಿನವರಿಗೆಲ್ಲ ಟಿಕೆಟ್ಟಿಲ್ಲದೆ ಬುದ್ಧಿ ಹೇಳೋದೇ ಅವನ ಕೆಲಸ.

ರಂಗಸ್ವಾಮಿ ಗಾಣವನ್ನು ತಿರುಗಿಸಿ ನೋಡಿ ಲೊಚಗುಟ್ಟಿದ. "ಆಚಾರ್ರೇ, ಇದು ಗೇಟಲ್ಲೇ ವಾಪಸ್ ಬತ್ತದೆ. ಇಂತಾ ಹಲ್ಲ ಒಂದು ಕೂಸು ಕುಯ್ತು ಅಂದ್ರೆ ಯಾರ್ ನಂಬ್ತಾರೆ? ಅದ್ರಾಗೂ ಆಚಾರಿ ಮೊಮ್ಮಗಳು."

ಆಚಾರಿಗೆ ಚೀಟಿಯ ನೆನಪಾಯಿತು. ಅನುಶ್ರೀಯ ಸ್ಕೂಲಿನ ವಿಜ್ಞಾನದ ಟೀಚರು ವೀಣ ಮೇಡಂ ಕಳಿಸಿದ್ದ ಚೀಟಿಯಲ್ಲಿ, ದೊಡ್ಡವರ ಕೈವಾಡ ಕಂಡರೆ ಸ್ಪರ್ಧೆಯಿಂದ ಹೊರಕ್ಕೆ ಅಂತ ದಪ್ಪ ಅಕ್ಷರದಲ್ಲೇ ಇತ್ತು. ಡೈರಿಗೆ ಹಾಲು ಹಾಕಿ ವಾಪಸಾಗುತ್ತಿದ್ದ ಚಿಕ್ಕಬೋರಮ್ಮನೂ ನಿಂತು ನೋಡಿ, ಇದು ಮದುವೆ ಉಡುಗೊರೆ ಇದ್ದಂಗೈತೆ, ಮಕ್ಕಳಾಟಿಕೆ ಇದ್ದಂಗಿಲ್ಲ ಅಂತ ತೀರ್ಪು ಕೊಟ್ಟಳು. ಸ್ವಲ್ಪ ಒರಟು ಮಾಡಿದರೆ ಸಾಕು, ಮಗು ಕೆಲಸ ಅನ್ನಿಸುತ್ತೆ ಅಂತ ಇಬ್ಬರೂ ಒಂದೇ ಬಾಯಲ್ಲಿ ಹೇಳಿದರು. ಸುಮ್ನೆ ಓಗ್ರಯ್ಯ ಅನ್ನೋದು ಬಿಟ್ಟು ಈ ಬಡಪಾಯಿ ಒಳಗಿಂದ ಉಳಿ ತಂದ.

ಐವತ್ತು ವರ್ಷ ನೇರ ಕೆಲಸ ಮಾಡಿದ ಕೈಗೆ ಸೊಟ್ಟ ಕೆಲಸ ಎಲ್ಲಿಂದ ಬರಬೇಕು? ಅಂಚು ಕೆಡಿಸೋಕೆ ಹೋದರೆ ಅಲ್ಲೊಂದು ಚೆಂದದ ಗೀರು ಮೂಡಿತು. ಹಲ್ಲಿನ ಮೂತಿ ಕತ್ತರಿಸಿದರೆ ಮೊದಲಿಗಿಂತ ಲಕ್ಷಣವಾಯಿತು. ಇದು ಮುಗಿಯೋ ಮಾತಲ್ಲ ಅಂತ ರಂಗಸ್ವಾಮಿ ಉಳಿ ಕಿತ್ತುಕೊಂಡ. ಅವನಿಗೆ ಯಾವ ತೊಂದರೆಯೂ ಆಗಲಿಲ್ಲ. ಎರಡೇ ಏಟಿಗೆ ಎರಡು ಹಲ್ಲು ಹಾರಿ ಚರಂಡಿಗೆ ಬಿದ್ದವು.

ಆಮೇಲೆ ನಡೆದಿದ್ದೆಲ್ಲ ರಿಪೇರಿ. ಹಲ್ಲು ತೊಳೆದು ಅಂಟು ಹಾಕಿ ಕೂರಿಸಿದರು, ಅವು ವಾರೆಯಾಗಿ ಕೂತವು. ಅಂಟು ಕಾಣುತ್ತೆ ಅಂತ ಚಿಕ್ಕಬೋರಮ್ಮ ತನ್ನ ಮನೆ ಗೇಟಿಗೆ ಬಳಿದು ಉಳಿದಿದ್ದ ನೀಲಿ ಪೇಂಟು ತಂದಳು. ಉರುಳೆ ಅಲ್ಲಾಡುತ್ತೆ ಅಂತ ರಂಗಸ್ವಾಮಿ ಮೂರು ಮೊಳೆ ಜಡಿದ. ಮೊಳೆ ಒಳಕ್ಕೆ ಹೋಗುವಾಗ ಆಚಾರಿ ಕಣ್ಣು ಮುಚ್ಚಿಕೊಂಡಿದ್ದ. ತಿರುವಿ ನೋಡಿದರೆ ಗಾಣ ಕಿರೋ ಅಂತ ಅತ್ತುಕೊಂಡೇ ಸುತ್ತಿತು. ಅರ್ಧ ಹಾಲು ಲೋಟಕ್ಕೆ, ಅರ್ಧ ಆಚಾರಿಯ ಪಂಚೆಗೆ. ಈಗ ನೋಡಿ, ಥೇಟ್ ಮಗು ಮಾಡಿದಂಗೇ ಐತೆ ಅಂತ ರಂಗಸ್ವಾಮಿ ಬೆನ್ನು ತಟ್ಟಿದ.

ಆಟೋ ಸಿಕ್ಕಿ ಮೇಳ ನಡೆಯುತ್ತಿದ್ದ ಪೇಟೆಯ ಸ್ಕೂಲು ಮುಟ್ಟೋ ಹೊತ್ತಿಗೆ ಹನ್ನೊಂದೂಕಾಲು. ಅನುಶ್ರೀ ಖಾಲಿ ಮೇಜಿನ ಹಿಂದೆ ಅಳುಮುಖ ಮಾಡಿಕೊಂಡು ನಿಂತಿದ್ದಳು. ತೀರ್ಪುಗಾರರು ಆಗಲೇ ಅವಳ ಮುಂದೆ ಬಂದಿದ್ದರು. ಇಂಗಿಂಗಾಯ್ತು ಮಗ ಅಂತ ಕಿವಿಯಲ್ಲಿ ಹೇಳೋಕೂ ಪುರುಸೊತ್ತು ಸಿಗಲಿಲ್ಲ. ಆಚಾರಿ ಅವಸರದಲ್ಲಿ ಸುತ್ತಿದ್ದ ಹಳೇ ಪಂಚೆ ಬಿಚ್ಚಿ ಗಾಣ ಮೇಜಿನ ಮೇಲಿಟ್ಟ. ಹುಡುಗಿ ಅದನ್ನೇ ನೋಡುತ್ತಾ ನಿಂತುಬಿಟ್ಟಳು.

ತೀರ್ಪುಗಾರ ರಘುನಂದನ್ ಅಂತ, ಕಾಲೇಜಿನ ಮೇಷ್ಟ್ರು. ಬೆಳಿಗ್ಗೆಯಿಂದ ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾಡಿಸಿದ ಮಾದರಿಗಳನ್ನೇ ನೋಡಿ ನೋಡಿ ಅವರಿಗೆ ತಲೆ ಕೆಟ್ಟಿತ್ತು. ನೀಲಿ ಗಾಣ ಕಂಡು ಮುಖ ಅರಳಿತು. ಕಬ್ಬು ಕೊಟ್ಟು ತಿರುವಿದರು, ಸಿಕ್ಕಷ್ಟು ಹಾಲು ಕುಡಿದರು. ಇವತ್ತು ನಾನು ನೋಡಿದ್ದರಲ್ಲಿ ಮಗುವಿನ ಕೈಯ ಕೆಲಸ ಅಂದರೆ ಇದೊಂದೇ ಅಂತ ವೀಣ ಮೇಡಂಗೆ ಹೇಳಿ, ಪಟ್ಟಿಯಲ್ಲಿ ದೊಡ್ಡ ನಂಬರು ಬರೆಯೋಕೆ ಪೆನ್ನು ತೆಗೆದರು. ಮಂಡ್ಯದ ದಾರಿ ಆಚಾರಿಯ ಕಣ್ಣಿಗೆ ಕಂಡೇಬಿಟ್ಟಿತು. ಮನಸ್ಸಿನಲ್ಲೇ ರಂಗಸ್ವಾಮಿಗೆ ಕೈಮುಗಿದ.

ಬರೆಯೋ ಮುಂಚೆ ರಘುನಂದನ್ ಪ್ರೀತಿಯಿಂದಲೇ ಕೇಳಿದರು. "ಎಲ್ಲಾ ನೀನೇ ಮಾಡಿದ್ದೇನಮ್ಮ?"

ಅನುಶ್ರೀ ವಾರೆ ಹಲ್ಲು ನೋಡಿದಳು, ಮೊಳೆ ನೋಡಿದಳು. ಎಂಟು ದಿನ ಕೈವಾರ ಹಿಡಿದು ಗೆರೆ ಎಳೆದು ಕೊರೆದ ಹುಡುಗಿ ಅವಳು. ಆಚಾರಿ ರಕ್ತ ಎಲ್ಲಿ ಹೋಗುತ್ತೆ? "ಇಲ್ಲ ಸಾರ್. ನಾನು ಮಾಡಿದ್ದು ಇಂಗಿರ್ಲಿಲ್ಲ. ಇದು ನಮ್ಮ ತಾತನ ಕೈಕೆಲ್ಸ" ಅಂದಳು.

ಪೆನ್ನು ಅಲ್ಲೇ ನಿಂತಿತು. ರಘುನಂದನ್ ಆಚಾರಿಯ ಕಡೆ ತಿರುಗಿ, ನೀವೇ ಕೈ ಹಾಕಿದ್ರಾ ಅಂತ ಕೇಳಿದರು. ಸುಳ್ಳು ಹೇಳಿದರೆ ಕೂಸು ಸುಳ್ಳಿಯಾಗುತ್ತಾಳೆ ಅಂತ ಆಚಾರಿ ಹೂಂಗುಟ್ಟಿದ. ಏನು ಕೆಲಸ ನಿಮ್ಮದು ಅಂತ ಇನ್ನೊಂದು ಪ್ರಶ್ನೆ ಬಂತು.

"ಮರಗೆಲ್ಸ ಸ್ವಾಮಿ. ಐವತ್ತು ವರ್ಷದಿಂದ."

ಮೇಷ್ಟ್ರು ಗಾಣವನ್ನೊಮ್ಮೆ, ಆಚಾರಿಯನ್ನೊಮ್ಮೆ ನೋಡಿದರು. ಪಟ್ಟಿಯಲ್ಲಿ ಅನುಶ್ರೀಯ ಹೆಸರಿನ ಮೇಲೆ ಒಂದು ಗೆರೆ ಎಳೆದು ಮುಂದಿನ ಮೇಜಿಗೆ ಹೋದರು.

ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಆಚಾರಿ ನಡೆದಿದ್ದನ್ನೆಲ್ಲ ಹೇಳಿಬಿಡೋಣ ಅಂತ ನಾಲ್ಕು ಸಲ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಶಿವಪ್ರಕಾಶ ವೀಣ ಮೇಡಂ ಫೋನಿಗೆ ಕರೆ ಮಾಡಿದ, ಬೇರೆ ಮಕ್ಕಳ ಜೊತೆ ಆ ಕಡೆ ನಿಂತಿದ್ದ ಮೇಡಂ ಫೋನು ತಂದು ಹುಡುಗಿ ಕೈಗೆ ಕೊಟ್ಟರು. ಅನುಶ್ರೀ ಎದ್ದು ಎರಡು ಹೆಜ್ಜೆ ಆಚೆ ಹೋಗಿ, ತಾತನಿಗೆ ಕೇಳಿಸಬಾರದು ಅಂತ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡಿದಳು. ಆಚಾರಿಯ ಕಣ್ಣು ಮಂಜೋ ಏನೋ, ಕಿವಿ ಚುರುಕಾಗಿತ್ತು.

"ಅಪ್ಪ, ಗಾಣ ಎಲ್ಲೋ ಬಿದ್ದೋಗಿತ್ತು ಅನ್ಸುತ್ತೆ. ತಾತ ರಿಪೇರಿ ಮಾಡೋಕೋಗವ್ರೆ, ಪಾಪ, ಆಗಿಲ್ಲ. ನೀನೇಳ್ತಿದ್ದಿದ್ದೇ ಸರಿ, ಅವ್ರಿಗೆ ಕಣ್ಣು ಕಾಣಲ್ಲ. ಕೊಟ್ಟಿಗೆ ತಗ್ಸಿಬುಡು. ಇಲ್ದಿದ್ರೆ ಎಲ್ಲಾದ್ರೂ ಕೈ ಕುಯ್ಕೊಂಬುಡ್ತಾರೆ."

ಅವಳು ವಾಪಸ್ ಬಂದು ತಾತನ ಪಕ್ಕ ಒತ್ತರಿಸಿಕೊಂಡು ಕೂತಳು. ಅವನ ಕೈ ಹಿಡಿದುಕೊಂಡು, ಬೇಜಾರು ಮಾಡ್ಕೋಬ್ಯಾಡ ತಾತ, ವಯಸ್ಸಾದ್ರೆ ಎಲ್ಲರ್ಗೂ ಇಂಗೇ ಆಗೋದಂತೆ ಅಂತ ಸಮಾಧಾನ ಮಾಡಿದಳು. ಬೇಕಂತಲೇ ಕೆಡಿಸಿದೆ ಕಣೆ ಅಂತ ಈಗ ಹೇಳಿದರೆ, ನನ್ನ ಕೆಲಸದ ಮೇಲೆ ತಾತನಿಗೇ ನಂಬಿಕೆ ಇರಲಿಲ್ಲವಾ ಅಂತ ಇವಳು ಜೀವನ ಪೂರ್ತಿ ಕೊರಗುತ್ತಾಳೆ ಅಂತ ಆಚಾರಿಗೆ ಗೊತ್ತಾಯಿತು.

"ಊಂ ಕಣವ್ವ, ಕಣ್ಣು ಕಾಣಾಕಿಲ್ಲ" ಅಂದ. ಬಸ್ಸು ಬಂದಾಗ ಅವಳೇ ಕೈ ಹಿಡಿದು ಹತ್ತಿಸಿದಳು.