ಮಾಸ್ಟರ್ ಹೊಲಿದ ಟರ್ಬೊ

"ಎರಡೇ ದಿನ! ಎರಡೇ ದಿನದಲ್ಲಿ ಈ ಗಾಡಿಗೆ ರೆಕ್ಕೆ ಬರಿಸದಿದ್ದರೆ ನಾನು ಮತ್ತೆ ಕತ್ತರಿ ಮುಟ್ಟೋದಿಲ್ಲ!"

ಶುಕ್ರವಾರ ಸಂಜೆ ಟೈಲರ್ ಮಾಸ್ಟರ್ ಮಾಡಿದ ಭೀಷ್ಮಪ್ರತಿಜ್ಞೆ ಇದು. ಮನೆ ಮುಂದೆ ನಿಂತು, ಕಾರಿನ ಬಾನೆಟ್ಟಿಗೆ ಅಂಗೈಯಿಂದ ಬಡಿದು ಮಾಡಿದರು. ಅಂಗೈ ಉರಿಯಿತು. ಅದಕ್ಕೂ ಕಾರನ್ನೇ ಬೈದರು.

ಸಿಟ್ಟಿಗೆ ಕಾರಣ ಇಲ್ಲದೆ ಇರಲಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ಗಂಡ ಹೆಂಡತಿ ಇಬ್ಬರೂ ಅದೇ ಕಾರಿನಲ್ಲಿ ದಿಬ್ಬದ ರಸ್ತೆ ಹತ್ತುತ್ತಿದ್ದರು. ಆ ಪುಟ್ಟ ಕಾರು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಾ ತೆವಳುತ್ತಿದ್ದಾಗ ಹಿಂದಿನಿಂದ ಕಸದ ಲಾರಿಯೊಂದು ಬಂದು, ಪೋಂ ಎಂದು ಹಾರನ್ ಹೊಡೆದು, ದಾಟಿ ಹೋಯಿತು. ಹೋಗಲಿ, ದೊಡ್ಡ ಗಾಡಿ. ಆದರೆ ಲಾರಿಯ ಹಿಂದೆ ನೇತಾಡುತ್ತಿದ್ದ ಕೆಲಸಗಾರ ಪೊರಕೆ ಹಿಡಿದ ಕೈಯಲ್ಲೇ ಇವರತ್ತ ಕೈ ಬೀಸಿದ! ಮಾಸ್ಟರಿಗೆ ಪಿತ್ತ ನೆತ್ತಿಗೇರಿತು. ಪಕ್ಕದಲ್ಲಿ ಕೂತ ಹೆಂಡತಿಯೂ ನಗುನಗುತ್ತಾ ತಿರುಗಿ ಕೈ ಬೀಸಿದಾಗ, ಏರಿದ ಪಿತ್ತಕ್ಕೆ ಇಳಿಯುವ ದಾರಿಯೇ ಮರೆತುಹೋಯಿತು.

"ನೀನ್ಯಾಕೆ ಕೈ ಬೀಸಿದೆ?"

"ಪಾಪ, ಅವರಾಗೇ ಮಾತಾಡಿಸಿದ್ರು. ಸುಮ್ನಿದ್ರೆ ಚೆನ್ನಾಗಿರುತ್ತಾ?"

"ಮಾತಾಡಿಸಿದ್ದಲ್ಲ ಕಣೇ ಅದು, ಮಾನ ತೆಗೆದಿದ್ದು!"

ಮಾಸ್ಟರಿಗೆ ಸಿಟ್ಟು ಹೊಸದಲ್ಲ. ಸೂಜಿಗೆ ದಾರ ಪೋಣಿಸಲಾಗದಿದ್ದರೆ ಬಲ್ಬಿಗೆ ಬೈಯುವವರು, ಗುಂಡಿ ಕೆಳಗೆ ಬಿದ್ದರೆ ನೆಲಕ್ಕೆ ಬೈಯುವವರು. "ಅಂಗಿ ಸ್ವಲ್ಪ ಬಿಗಿ ಆಯ್ತು ಮಾಸ್ಟ್ರೇ" ಎಂದು ಯಾರಾದರೂ ಅಂದರೋ, ಕೆಟ್ಟರು. "ಅಂಗಿ ಸರಿ ಇದೆ, ನೀವು ಬೆಳೆದಿದ್ದೀರಿ! ಬೆಳೆಯೋ ಮೊದಲು ನನಗೊಂದು ಮಾತು ಹೇಳಬೇಕಿತ್ತು!" ಎಂಬ ಗುಡುಗು ಬೀದಿಯ ಕೊನೆಯವರೆಗೂ ಕೇಳುತ್ತದೆ. ಕೈಯಲ್ಲಿ ಕಸುಬಿದೆ, ಇಲ್ಲವೆನ್ನುವುದಿಲ್ಲ. ಆದರೆ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ಇತಿಹಾಸವಿಲ್ಲ. ಈ ಕಥೆ ಹೇಳುತ್ತಿರುವವನ ಪ್ಯಾಂಟೂ ಅದೇ ಅಂಗಡಿಯ ಗೂಟದಲ್ಲಿ ಆರು ವಾರದಿಂದ ನೇತಾಡುತ್ತಿದೆ. ನನ್ನ ಸಿಟ್ಟು ಹಾಗಿರಲಿ, ಮಾಸ್ಟರ ಸಿಟ್ಟಿನ ಕಥೆಗೆ ಬರೋಣ.

ಪ್ರತಿಜ್ಞೆ ಕೇಳಿದ ಹೆಂಡತಿಯ ಮುಖದಿಂದ ನಗು ಇಳಿಯಿತು.

"ರೀ, ಸೋಮವಾರ ನನ್ನ ಲೈಸೆನ್ಸ್ ಪರೀಕ್ಷೆ. ಅದು ಮುಗಿಯೋವರೆಗೂ ಗಾಡಿ ಮುಟ್ಟಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಬೇಕರಿಯವರು ಅವಳಿಗೆ ಬ್ರೆಡ್ ವ್ಯಾನ್ ಓಡಿಸುವ ಕೆಲಸ ಕೊಡುವುದಾಗಿ ಒಪ್ಪಿದ್ದರು. ಸೋಮವಾರ ಲೈಸೆನ್ಸ್ ಸಿಕ್ಕರೆ ಮಂಗಳವಾರದಿಂದ ಕೆಲಸ. ಸಿಗದಿದ್ದರೆ ಆ ಜಾಗಕ್ಕೆ ಬೇರೆಯವರು ಕಾದು ಕೂತಿದ್ದರು. ಹನ್ನೆರಡು ವರ್ಷದಿಂದ ಗಂಡನ ಅಂಗಡಿಯಲ್ಲಿ ಗುಂಡಿ ಹಚ್ಚಿ ಹಚ್ಚಿ ಬೆರಳು ಜಡ್ಡುಗಟ್ಟಿದ್ದ ಹೆಂಗಸಿಗೆ ಅದು ಬರೀ ವ್ಯಾನ್ ಆಗಿರಲಿಲ್ಲ. ಈಗಾಗಲೇ ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಎರಡು ಸಲವೂ ಇಳಿಜಾರಿನ ಮೇಲೆ: ಅಲ್ಲಿ ಅರ್ಧದಲ್ಲಿ ಗಾಡಿ ನಿಲ್ಲಿಸಿ, ಒಂದಿಂಚೂ ಹಿಂದೆ ಸರಿಯದಂತೆ ಮತ್ತೆ ಮೇಲೆ ಹತ್ತಿಸಬೇಕು. ಪರೀಕ್ಷೆಗೆ ಅವರವರ ಗಾಡಿಯನ್ನು ಅವರವರೇ ತರಬೇಕು ಎಂಬುದು ಅಲ್ಲಿನ ನಿಯಮ.

"ಅಲ್ಲೇ ಇರೋದು ಗುಟ್ಟು!" ಮಾಸ್ಟರ್ ಬೆರಳೆತ್ತಿದರು. "ನೀನು ಫೇಲಾಗಿದ್ದಲ್ಲ, ಗಾಡಿ ಫೇಲಾಗಿದ್ದು! ಶಕ್ತಿ ಎಲ್ಲಿದೆ ಇದಕ್ಕೆ? ನೋಡ್ತಿರು, ನಿನಗೋಸ್ಕರ ಏನು ಮಾಡ್ತೀನಿ!"

ಕಸದ ಲಾರಿಗೋಸ್ಕರ ಎನ್ನಲು ಬಾಯಿ ಬರಲಿಲ್ಲ. ಮನೆಗೆ ಅಂಟಿಕೊಂಡಿದ್ದ ಅಂಗಡಿಗೆ ನುಗ್ಗಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗಿನಿಂದ ಒಂದು ಪೆಟ್ಟಿಗೆ ಎಳೆದರು. ಒಳಗೊಂದು ಬಸವನಹುಳುವಿನ ಆಕಾರದ ಕಬ್ಬಿಣ, ರಬ್ಬರ್ ಪೈಪು, ಗಾಳಿ ಸೋಸುವ ಹೊಸ ಫಿಲ್ಟರ್.

"ಇದು ಇಂಟರ್‌ಲಾಕ್ ಹೊಲಿಗೆ ಮಷೀನಿನ ಸಾಮಾನು ಅಂದಿದ್ರಿ!" ಹೆಂಡತಿಯ ದನಿ ಏರಿತು.

"ಟರ್ಬೊ! ಹಳೇದಕ್ಕಿಂತ ದುಪ್ಪಟ್ಟು! ಎಂಜಿನ್ನಿಗೆ ಗಾಳಿ ಊದಿ ಊದಿ ತುರುಕುತ್ತೆ. ಗಾಳಿ ಜಾಸ್ತಿ ಆದಷ್ಟೂ ಬಲ ಜಾಸ್ತಿ!"

"ಗಾಳಿ ಜಾಸ್ತಿ ಆಗಿರೋದು ಎಲ್ಲಿ ಅಂತ ನನಗೆ ಗೊತ್ತು" ಎಂದು ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶನಿವಾರ ಬೆಳಿಗ್ಗೆ ಮಾಸ್ಟರ್ ಪೆಟ್ಟಿಗೆ ಹೊತ್ತು ಗ್ಯಾರೇಜಿಗೆ ಹೋದರು. ಗ್ಯಾರೇಜಿನವನು ಕೈ ಒರೆಸಿಕೊಳ್ಳುತ್ತಾ, "ಹಾಕೋಣ ಮಾಸ್ಟ್ರೇ. ಮಂಗಳವಾರ ಬನ್ನಿ" ಎಂದ.

"ಮಂಗಳವಾರವಾ? ಜನರನ್ನ ಹೀಗಾ ಅಲೆಸೋದು? ಕೈಗೆ ಕೆಲಸ ಬಂದ ಮೇಲೆ ಹೊತ್ತಿಗೆ ಸರಿಯಾಗಿ ಮಾಡಿಕೊಡಬೇಕು ಅನ್ನೋ ನಾಚಿಕೆ ಬೇಡ್ವಾ ಮನುಷ್ಯನಿಗೆ?"

ಗ್ಯಾರೇಜಿನವನು ಬಾಯಿ ಬಿಟ್ಟುಕೊಂಡು ನಿಂತ. ಅವನ ಎರಡು ಪ್ಯಾಂಟು ಮಾಸ್ಟರ ಅಂಗಡಿ ಸೇರಿ ಮೂರು ತಿಂಗಳಾಗಿತ್ತು. ಅವನು ಮಾತು ಹುಡುಕಿಕೊಳ್ಳುವುದರೊಳಗೆ ಮಾಸ್ಟರ್ ಮನೆ ಸೇರಿ, ತೋಳು ಮಡಚಿ, ಬಾನೆಟ್ ಎತ್ತಿ ಆಗಿತ್ತು. "ಇಪ್ಪತ್ತೆಂಟು ತುಂಡಿನ ಕೋಟು ಹೊಲಿಯೋನಿಗೆ ನಾಲ್ಕು ಬೋಲ್ಟಿನ ಟರ್ಬೊ ಯಾವ ಲೆಕ್ಕ?"

ಲೆಕ್ಕ ಆಮೇಲೆ ಗೊತ್ತಾಯಿತು. ಮೊದಲನೇ ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಮಾಸ್ಟರ್ ಬೈದರು, ಅಲ್ಲಾಡಲಿಲ್ಲ. ಒದ್ದರು, ಅಲ್ಲಾಡಲಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಇಸ್ತ್ರಿಪೆಟ್ಟಿಗೆ ಕಾಯಿಸಿ ಒತ್ತಿದರು. ಬೋಲ್ಟು ಹಾಗೇ ಇತ್ತು, ಇಸ್ತ್ರಿಪೆಟ್ಟಿಗೆಗೆ ಮಸಿ ಹಿಡಿಯಿತು. ಅದೇ ಪೆಟ್ಟಿಗೆ ಆಮೇಲೆ ಯಾರದೋ ಬಿಳಿ ಅಂಗಿಯ ಬೆನ್ನ ಮೇಲೆ ತನ್ನ ಪೂರ್ತಿ ಗುರುತು ಬಿಟ್ಟಿತು. ಮಾಸ್ಟರ್ ಅಂಗಿಗೂ ಬೈದರು.

ಮಧ್ಯಾಹ್ನದ ಹೊತ್ತಿಗೆ ಹಳೇ ಟರ್ಬೊ ಹೊರಬಂತು. ಇನ್ನು ಅಳತೆ! ಕೊರಳಲ್ಲಿ ಸದಾ ನೇತಾಡುವ ಟೇಪು ಬಿಚ್ಚಿ, ಎಂಜಿನ್ನಿನ ಸುತ್ತ ಹಾಯಿಸಿ, ಹೆಂಡತಿಯನ್ನು ಕೂಗಿದರು.

"ಬರ್ಕೋ! ಕತ್ತು ಎರಡೂವರೆ. ಸೊಂಟ ಏಳು. ತೋಳು ಹದಿನಾಲ್ಕು."

"ಇದಕ್ಕೆ ತೋಳು ಎಲ್ಲಿದೆ?"

"ಪೈಪು ಕಣೇ, ಪೈಪು! ಎಲ್ಲಾ ಬಿಡಿಸಿ ಹೇಳಬೇಕಾ?"

ಸೀಮೆಸುಣ್ಣದಿಂದ ಗುರುತು ಹಾಕಿ, ಯಾರಿಗೂ ಕಾಗದ ಕತ್ತರಿಸಲೂ ಕೊಡದ ತಮ್ಮ ದೊಡ್ಡ ಕತ್ತರಿಯಿಂದ ರಬ್ಬರ್ ಪೈಪನ್ನು ಕಚಕ್ಕೆಂದು ಕತ್ತರಿಸಿದರು. ಹೆಂಡತಿ ಅಳೆದು ನೋಡಿದಳು, ಹದಿನಾರು ಇಂಚು ಇತ್ತು.

"ಎರಡು ಇಂಚು ಜಾಸ್ತಿ ಯಾಕೆ?"

"ಒಳಗೆ ಬಟ್ಟೆ ಬಿಡದೆ ಯಾವನಾದರೂ ಹೊಲಿತಾನಾ? ನಾಳೆ ಗಾಡಿ ದಪ್ಪ ಆದರೆ ಬಿಚ್ಚಿಕೊಳ್ಳೋಕೆ ಬೇಡ್ವಾ?"

ಕಬ್ಬಿಣದ ಎಂಜಿನ್ನು ದಪ್ಪ ಆಗುವುದು ಹೇಗೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅದಕ್ಕೂ ಉತ್ತರ ಸಿದ್ಧವಿತ್ತು. ಹೆಚ್ಚಿದ ಎರಡು ಇಂಚು ಹಿಡಿಸಲು ಜಾಗ ಇರಲಿಲ್ಲ, ಪೈಪು ಮಂಡಿ ಮಡಚಿ ಕೂತಿತು. ಅದಕ್ಕೆ ಜಾಗ ಮಾಡಲು ಗಾಜು ತೊಳೆಯುವ ನೀರಿನ ಡಬ್ಬ ತೆಗೆದರು. ಹಾರನ್ ಅಡ್ಡ ಬಂತು, ಅದನ್ನೂ ಕಿತ್ತರು. "ಹಾರನ್ ಇಲ್ಲದೆ ಹೇಗ್ರೀ?" ಎಂದರೆ, "ನಾನಿಲ್ವಾ?" ಎಂದರು. ಆ ಮಾತು ಸುಳ್ಳಲ್ಲ.

ಭಾನುವಾರ ಬೆಳಿಗ್ಗೆ ಹೆಂಡತಿ ಬಂದು ಕೇಳಿದಳು, "ಆಯ್ತಾ?"

"ಮಧ್ಯಾಹ್ನ ಬಾ."

ಮಧ್ಯಾಹ್ನ ಬಂದಳು. "ಆಯ್ತಾ?"

"ಆಯ್ತು ಅಂತಾನೇ ಇಟ್ಕೋ. ಗುಂಡಿ-ಕಾಜಾ ಒಂದು ಬಾಕಿ. ಸಂಜೆ ಬಾ."

ಸಂಜೆ ಬಂದಾಗ ಮಾಸ್ಟರ್ ಗಾಡಿಯ ಕೆಳಗಿದ್ದರು. ಎರಡು ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲುಗಳಿಗೇ ಅವಳು ಹೇಳಿದಳು: "ನೋಡಿ, ಹನ್ನೆರಡು ವರ್ಷದಿಂದ ಬಾಗಿಲಿಗೆ ಬಂದವರಿಗೆಲ್ಲ ನೀವು ಇದೇ ಹಾಡು ಹಾಡ್ತಿದ್ರಿ, ನಾನು ನಿಮ್ಮ ಪರ ನಿಂತು ಸುಳ್ಳು ಹೇಳ್ತಿದ್ದೆ. 'ಅವರಿಗೆ ಮೈ ಹುಷಾರಿಲ್ಲ', 'ಕರೆಂಟು ಹೋಗಿತ್ತು', ಎಷ್ಟು ಸುಳ್ಳು! ಗಿರಾಕಿಗಳ ಹೊಟ್ಟೆ ಎಷ್ಟು ಉರಿತಿತ್ತು ಅಂತ ಇವತ್ತು ಗೊತ್ತಾಯ್ತು. ನಾಳೆ ಒಂಬತ್ತು ಗಂಟೆಗೆ ಈ ಗಾಡಿ ಬಾಗಿಲಲ್ಲಿ ನಿಂತಿರಬೇಕು. ಇಲ್ಲದಿದ್ದರೆ ನಾನು ಈ ಬಾಗಿಲಲ್ಲಿ ನಿಂತಿರಲ್ಲ."

ಇಷ್ಟು ಉದ್ದದ ಮಾತು ಅವಳು ಯಾವತ್ತೂ ಆಡಿದ್ದಿಲ್ಲ. ಮಾಸ್ಟರಿಗೆ ರೇಗಿತು. ಉತ್ತರ ಕೊಡಲೆಂದು ಸಟ್ಟನೆ ಎದ್ದರು, ಗಾಡಿಯ ಅಡಿಭಾಗಕ್ಕೆ ಹಣೆ ಬಡಿಯಿತು.

ಸೋಮವಾರ ಒಂಬತ್ತಕ್ಕೆ ಗಾಡಿ ನಿಂತಿತ್ತು, ನಿಜ. ಮಾಸ್ಟರ ಬಾಳಿನಲ್ಲೇ ಹೊತ್ತಿಗೆ ಸರಿಯಾಗಿ ಮುಗಿದ ಮೊದಲ ಕೆಲಸ. ಹಣೆಯಲ್ಲಿ ಊದಿದ ಬೋರೆ, ಮೀಸೆಯಲ್ಲಿ ಗ್ರೀಸು, ಮುಖದಲ್ಲಿ ದಿಗ್ವಿಜಯ. ಅವಳು ಕಲಿಯುವವರ ಫಲಕ ಹಾಕಿಕೊಂಡು ಓಡಿಸಿದಳು, ಇವರು ಪಕ್ಕದಲ್ಲಿ ಕೂತರು. ದಾರಿ ಪೂರ್ತಿ ಗಾಡಿ ಹಳೇ ಗಾಡಿಯ ಹಾಗೇ ತೆವಳಿತು.

"ಎಲ್ರೀ ರೆಕ್ಕೆ?"

"ದೊಡ್ಡ ಟರ್ಬೊ ಎದ್ದೇಳೋಕೆ ಹೊತ್ತು ಹಿಡಿಯುತ್ತೆ. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಮಾತ್ರ ಏಳುತ್ತೆ. ಆದರೆ ಈಗಲೇ ಜೋರಾಗಿ ಒತ್ತಬೇಡ."

"ಯಾಕೆ?"

ಮಾಸ್ಟರ್ ಕಿಟಕಿಯಿಂದ ಹೊರಗೆ ನೋಡಿದರು. "ಪೈಪಿನ ಕ್ಲಿಪ್ಪುಗಳನ್ನ ಅರ್ಧ ಮಾತ್ರ ಬಿಗಿ ಮಾಡಿದ್ದೀನಿ."

"ಏನು?"

"ಮೊದಲು ಕಚ್ಚಾ ಹೊಲಿಗೆ, ಆಮೇಲೆ ಟ್ರಯಲ್, ಆಮೇಲೆ ಪಕ್ಕಾ ಹೊಲಿಗೆ! ಟ್ರಯಲ್ ನೋಡದೆ ಪಕ್ಕಾ ಹೊಲಿಯೋ ಕೆಟ್ಟ ಅಭ್ಯಾಸ ನನಗಿಲ್ಲ!"

ಅವಳು ಅವರ ಮುಖ ನೋಡಿದಳು. ಅಷ್ಟರಲ್ಲಿ ಪರೀಕ್ಷೆಯ ಮೈದಾನ ಬಂದಿತ್ತು, ಅವಳ ಹೆಸರನ್ನೂ ಕೂಗಿಯಾಗಿತ್ತು. ಬಿಚ್ಚಿ ಬಿಗಿ ಮಾಡಲು ಸ್ಪ್ಯಾನರು ಮನೆಯಲ್ಲೇ ಉಳಿದಿತ್ತು.

ಪರೀಕ್ಷಕರು ಮಾಸ್ಟರನ್ನು ಇಳಿಸಿ ಬೇಲಿಯಾಚೆ ನಿಲ್ಲಿಸಿ, ತಾವು ಪಕ್ಕದಲ್ಲಿ ಕೂತರು. ತೆಳ್ಳನೆ ಮನುಷ್ಯ, ಕೈಯಲ್ಲಿ ಅಂಕ ಬರೆಯುವ ರಟ್ಟು, ಮುಖದಲ್ಲಿ ಯಾವ ಭಾವವೂ ಇಲ್ಲ. ಎಂಟರ ಆಕಾರದಲ್ಲಿ ಗಾಡಿ ಸುತ್ತಿಸಿದಳು, ಒಂದು ಕಂಬವೂ ಅಲ್ಲಾಡಲಿಲ್ಲ. ಹಿಂದಕ್ಕೆ ತಂದು ನಿಲ್ಲಿಸಿದಳು, ಗೆರೆ ದಾಟಲಿಲ್ಲ. ಬೇಲಿಯಾಚೆ ಮಾಸ್ಟರ್ ಪಕ್ಕದವರಿಗೆಲ್ಲ, "ಟರ್ಬೊ! ನಾನೇ ಹಾಕಿದ್ದು!" ಎಂದು ಸಾರುತ್ತಿದ್ದರು. ಟರ್ಬೊ ಇನ್ನೂ ನಿದ್ದೆಯಿಂದ ಎದ್ದೇ ಇರಲಿಲ್ಲ.

ಇಳಿಜಾರು ಬಂತು. ಅರ್ಧದಲ್ಲಿ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದಳು. "ಈಗ ಹತ್ತಿಸಿ" ಎಂದರು ಪರೀಕ್ಷಕರು. ಹ್ಯಾಂಡ್‌ಬ್ರೇಕ್ ಇಳಿಸುತ್ತಾ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದಳು, ಗಾಡಿ ಮಿಸುಕಲಿಲ್ಲ. ಇನ್ನೂ ಸ್ವಲ್ಪ ಒತ್ತಿದಳು. ಒಳಗೆಲ್ಲೋ ಸುಂಯ್ ಎಂಬ ಸದ್ದು ಎದ್ದಿತು, ಏರಿತು, ಸಿಳ್ಳೆಯಾಯಿತು.

"ಎದ್ದಿತು! ಎದ್ದಿತು!" ಮಾಸ್ಟರ್ ಬೇಲಿ ಹಿಡಿದು ಕುಣಿದರು.

ಢಂ!

ಮೈದಾನದ ಕಾಗೆಗಳೆಲ್ಲ ಒಟ್ಟಿಗೆ ಹಾರಿದವು. ಬಾನೆಟ್ ತಟ್ಟನೆ ಎದ್ದು ಮತ್ತೆ ಬಡಿದುಕೊಂಡಿತು. ಎರಡು ಇಂಚು ಹೆಚ್ಚಿಗೆ ಬಿಟ್ಟ ರಬ್ಬರ್ ಪೈಪು ಮಡಚಿದ ಮಂಡಿ ಬಿಡಿಸಿಕೊಂಡು, ಕ್ಲಿಪ್ಪು ಸಮೇತ ಕಿತ್ತುಬಂದು, ಗಾಡಿಯ ಅಡಿಯಿಂದ ಹೊರಬಿದ್ದು ಇಳಿಜಾರಿನಲ್ಲಿ ಉರುಳಿತು. ಕರೀ ಹೊಗೆ ಕವಿಯಿತು. ಸರತಿಯಲ್ಲಿ ನಿಂತವರು ದಿಕ್ಕಾಪಾಲಾದರು. ಪರೀಕ್ಷಕರು ರಟ್ಟನ್ನು ತಲೆಯ ಮೇಲೆ ಇಟ್ಟುಕೊಂಡು ಸೀಟಿನಲ್ಲಿ ಕುಗ್ಗಿದ್ದರು.

ಅವಳ ಕಾಲು ಬ್ರೇಕಿನ ಮೇಲಿತ್ತು. ಹ್ಯಾಂಡ್‌ಬ್ರೇಕ್ ಮತ್ತೆ ಮೇಲೆದ್ದಿತ್ತು. ಎಂಜಿನ್ ಆರಿಸಿ, ನಾಲ್ಕೂ ಮೂಲೆಯ ದೀಪ ಮಿನುಗಿಸಿದಳು. ಗಾಡಿ ಒಂದು ನೂಲಿನಷ್ಟೂ ಹಿಂದೆ ಸರಿದಿರಲಿಲ್ಲ. ಎರಡು ನಿಮಿಷ ಕಾದಳು, ಹೊಗೆ ತಿಳಿಯಾಯಿತು. ಮತ್ತೆ ಕೀಲಿ ತಿರುಗಿಸಿದಳು. ಟರ್ಬೊವಿನ ಊದಾಟ ತಪ್ಪಿದ ಆ ಬಡ ಎಂಜಿನ್ನು ಕೆಮ್ಮುತ್ತಾ ಎದ್ದು, ಅವಳ ಕಾಲಿನ ಅಳತೆಗೆ ತಕ್ಕಂತೆ, ಇಂಚಿಂಚಾಗಿ ಇಳಿಜಾರಿನ ತುದಿ ಮುಟ್ಟಿತು.

ಅಷ್ಟರಲ್ಲಿ ಮಾಸ್ಟರ್ ಬೇಲಿ ಹಾರಿ ಒಳಗೆ ನುಗ್ಗಿದ್ದರು. ಬಿದ್ದ ಪೈಪು ಎತ್ತಿಕೊಂಡು ಬುಸುಗುಡುತ್ತಾ ಬಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವರು ಇಡೀ ಮೈದಾನವೇ ಡೊಂಕು ಅಂದರು! ಕ್ಲಿಪ್ಪು ಮಾರಿದವನನ್ನು ಬೈದರು, ಇಳಿಜಾರು ಕಟ್ಟಿದವನನ್ನು ಬೈದರು, "ನೀವು ಕೂತಿದ್ದಕ್ಕೇ ಭಾರ ಜಾಸ್ತಿ ಆಗಿದ್ದು!" ಎಂದು ಆ ತೆಳ್ಳನೆ ಪರೀಕ್ಷಕರನ್ನೂ ಬೈದರು. ಕೊನೆಗೆ ಹೆಂಡತಿಯತ್ತ ತಿರುಗಿ, "ಜೋರಾಗಿ ಒತ್ತಬೇಡ ಅಂತ ಬಡ್ಕೊಂಡೆ! ಟ್ರಯಲ್ ಅಂದಿದ್ನೋ ಇಲ್ವೋ?" ಎಂದು ಕೂಗಿದರು.

ಪರೀಕ್ಷಕರು ನಿಧಾನವಾಗಿ ಇಳಿದರು. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಮಾಸ್ಟರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಅವಳ ಕಡೆ ತಿರುಗಿದರು.

"ಅಮ್ಮಾ, ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿದ್ದೀನಿ. ನಾಯಿ ಬೊಗಳಿದರೆ ಬ್ರೇಕ್ ಬಿಟ್ಟು ಕೂಗಿಕೊಂಡವರನ್ನ ನೋಡಿದ್ದೀನಿ. ಇವತ್ತು ನಾನೇ ಹೆದರಿ ತಲೆ ಮುಚ್ಚಿಕೊಂಡೆ. ನೀವು ಕಣ್ಣು ಕೂಡ ಮಿಟುಕಿಸಲಿಲ್ಲ. ಕಾಲು ಬ್ರೇಕಿನಿಂದ ಕದಲಲಿಲ್ಲ. ಅಷ್ಟು ದೊಡ್ಡ ಸದ್ದಿಗೆ ಹೇಗಮ್ಮ ತಡಕೊಂಡ್ರಿ?"

ಅವಳು ಒಮ್ಮೆ ಗಂಡನತ್ತ ನೋಡಿದಳು. ಕೆಂಪಗೆ ಉಬ್ಬಿದ ಮುಖ, ಹಣೆಯ ಬೋರೆ, ಎತ್ತಿ ಹಿಡಿದ ಪೈಪು.

"ಸಾರ್, ಹನ್ನೆರಡು ವರ್ಷದಿಂದ ಇವರ ಜೊತೆ ಸಂಸಾರ ಮಾಡ್ತಿದ್ದೀನಿ. ಅದೂ ಒಂದು ಸದ್ದಾ?"

ಪರೀಕ್ಷಕರ ಮುಖದಲ್ಲಿ ಮೊದಲ ಸಲ ನಗು ಕಂಡಿತು. 'ಪಾಸ್' ಎಂದು ಬರೆದು, ಗೀಟೆಳೆದು, ಸಹಿ ಹಾಕಿ ಚೀಟಿಯನ್ನು ಅವಳ ಕೈಗೆ ಕೊಟ್ಟರು.

ಮಾಸ್ಟರ್ ಬಾಯಿ ತೆರೆದರು. ಸರತಿಯಲ್ಲಿದ್ದವರೆಲ್ಲ ಒಟ್ಟಿಗೆ ಕಿವಿ ಮುಚ್ಚಿಕೊಂಡರು.

ಅದನ್ನು ನೋಡಿ ಮಾಸ್ಟರ್ ಬಾಯಿ ಮುಚ್ಚಿಕೊಂಡರು.